ಸದ್ದು ಬರುತ್ತಿತ್ತಲ್ಲ

ಏಪ್ರಿಲ್. ಡುಲೂತಿನ ದಂಡೆಯಲ್ಲಿ ಮಂಜುಗಡ್ಡೆ ಇನ್ನೂ
ಒಡೆದ ಬಸಿಯ ಚೂರುಗಳ ಹಾಗೆ ಕಿಣಿಕಿಣಿ ಎನ್ನುತ್ತಿತ್ತು.
ಬೆರಳುದ್ದದ ಸ್ಮೆಲ್ಟ್ ಮೀನು ಹೊಳೆಬಾಯಿಗೆ ಮುತ್ತುವ ವಾರ.
ಲೊರೆಟ್ಟಾ ವುಕೆಲಿಚ್ ಬಾಗಿಲು ತೆರೆದೊಡನೆ
ಅವಳಿಗಿಂತ ಮುಂಚೆ ವಾಸನೆ ಬಂದು ಕೈಕುಲುಕಿತು.

"ಫ್ಯಾನ್ ಜೋರಾಗೇ ತಿರುಗುತ್ತೆ," ಅಂದಳು,
"ಹೊಗೆ ಮಾತ್ರ ಕದಲೊಲ್ಲದು. ಪರದೆ ಒಗೆದೆ, ದಿಂಬು ಒಗೆದೆ,
ಬೆಕ್ಕೊಂದನ್ನು ಒಗೆಯಲಿಲ್ಲ, ಅಷ್ಟೆ."
ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬರುವವಳು;
ಅಲ್ಲಿಯ ಚಿಮಣಿ ತಲೆಯ ಟೋಪಿಯನ್ನೇ ಎಳೆದೀತಂತೆ,
ಇಲ್ಲಿ ನಾಲ್ಕು ಮೀನು ಹುರಿದರೆ ಬೀದಿಯೊಂದು ಬಿಟ್ಟು
ಮನೆಗೆಲ್ಲ ಗೊತ್ತಾಗುತ್ತದೆ.

ಗುಂಡಿ ಒತ್ತಿದೆ. ಒಲೆಯ ಮೇಲೆ ತೂಗುವ ಮೈಕ್ರೋವೇವ್
ದಿಣ್ಣೆ ಹತ್ತುವ ಲಾರಿಯ ಹಾಗೆ ಗುಡುಗಿತು.
ಟಿಶ್ಯೂ ಕಾಗದದ ಹಾಳೆಯೊಂದನ್ನು ಅದರ ಹೊಟ್ಟೆಯಡಿ ಹಿಡಿದೆ.
ಇದೇ ನನ್ನ ನಾಡಿಪರೀಕ್ಷೆ, ಹದಿನೆಂಟು ವರ್ಷದಿಂದ:
ಉಸಿರಿದ್ದರೆ ಹಾಳೆ ಜಾಲರಿಗೆ ಅಂಟಬೇಕು.
ಅಂಟಲಿಲ್ಲ. ಒಮ್ಮೆ ನಡುಗಿ, ಬಾಣಲೆಗೆ ಬಿತ್ತು.

ಜಿಡ್ಡು ಅಂದುಕೊಂಡೆ. ಹತ್ತಕ್ಕೆ ಎಂಟು ಮನೆಯಲ್ಲಿ ಜಿಡ್ಡೇ.
ಜಾಲರಿ ಎರಡನ್ನೂ ಕಳಚಿ ಸೋಪಿನ ಬಿಸಿನೀರಿಗೆ ಮುಳುಗಿಸಿದೆ;
ಜೇನಿನ ಬಣ್ಣದ ಅಂಟು ನಿಧಾನವಾಗಿ ಬಿಟ್ಟುಕೊಂಡಿತು,
ಎಷ್ಟು ಭಾನುವಾರಗಳದ್ದೋ.
ಒರೆಸಿ, ಬೆಳಕಿಗೆ ಹಿಡಿದು, ಒಂದೊಂದು ಕಣ್ಣೂ ತೆರೆದದ್ದು ನೋಡಿ,
ಮತ್ತೆ ಸಿಕ್ಕಿಸಿ, ಹೊಸ ಹಾಳೆ.
ಬಿತ್ತು.
ಲೊರೆಟ್ಟಾ ಏನೂ ಅನ್ನಲಿಲ್ಲ. ಬೈದಿದ್ದರೆ ಸುಲಭವಿತ್ತು.

ಹೊರಗೆ ಹೋದೆ. ಹೋದ ಬೇಸಿಗೆ ಯಾರೋ ಗೋಡೆಗೆ ನೀಲಿ ಬಳಿಯುವಾಗ
ಕೊಳವೆ ಬಾಯಿಯ ತಗಡಿನ ರೆಪ್ಪೆಗೂ ಬಳಿದುಬಿಟ್ಟಿದ್ದ;
ಮುಚ್ಚಿದ್ದು ಮುಚ್ಚಿದ ಹಾಗೇ ಒಣಗಿತ್ತು.
ಸಿಕ್ಕಿದ ಕಳ್ಳ, ಎಂದು ಚಾಕುವಿನ ತುದಿಯಿಂದ ಸುತ್ತ ಕೆರೆದೆ,
ರೆಪ್ಪೆ ಎತ್ತಿ ಟಾರ್ಚ್ ಬಿಟ್ಟೆ.

ಒಳಗೆ ಕೊಳವೆ ಫಳಫಳ.
ಅಂಗಡಿಯಿಂದ ತಂದ ದಿನದ ಹಾಗೆ. ಬೆರಳಾಡಿಸಿದೆ:
ಒಂದು ಹನಿ ಜಿಡ್ಡಿಲ್ಲ. ಜೇಡರ ಬಲೆಯೊಂದು, ಅದೂ ಬೆಳ್ಳಗೆ.
ಒಂಬತ್ತು ವರ್ಷ ಹುರಿದ ಮನೆಯ ಹೊಗೆಕೊಳವೆ
ಇಷ್ಟು ಚೊಕ್ಕಟವಾಗಿದ್ದರೆ ಸಂತೋಷಪಡಬಾರದು.
ಈ ದಾರಿಯಲ್ಲಿ ಯಾರೂ ಬಂದೇ ಇಲ್ಲ.

ಆಗ ಹೊಳೆಯಿತು: ಆ ಯಂತ್ರದ ಮುಂದೆ ನಿಂತಷ್ಟು ಹೊತ್ತೂ
ನನ್ನ ಹಣೆಗೆ ಬೆಚ್ಚನೆ ಗಾಳಿ ಬಡಿಯುತ್ತಲೇ ಇತ್ತು.
ಹದಿನೆಂಟು ವರ್ಷ, ಅನ್ನುತ್ತೇನೆ ಬೇರೆ.

ಪ್ಲಗ್ ಕಿತ್ತು, ಅವಳು ಕೆಳಗಿನಿಂದ ಹೆಗಲು ಕೊಟ್ಟಳು,
ನಾನು ಮೇಲಿನ ಬೋಲ್ಟು ಬಿಚ್ಚಿದೆ.
ಮೇಜಿಗಿಳಿಸಿ ಬೆನ್ನು ತಿರುಗಿಸಿದರೆ,
ಬೀಸುವ ಚಕ್ರದ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೂರಿಸಿದ ಹಾಗೇ ಕೂತಿದೆ,
ಬಾಯಿ ಅಡುಗೆಮನೆಯ ಕಡೆಗೆ.
ಗೋಡೆ ಕೊರೆದಿದ್ದಾರೆ, ಕೊಳವೆ ಹಾಯಿಸಿದ್ದಾರೆ,
ಹೊರಗೆ ರೆಪ್ಪೆಯನ್ನೂ ಜೋಡಿಸಿದ್ದಾರೆ;
ನಾಲ್ಕು ಸ್ಕ್ರೂ ಬಿಚ್ಚಿ ಇದನ್ನೊಮ್ಮೆ ಹೊರಳಿಸುವುದು ಮರೆತಿದ್ದಾರೆ,
ಊರಿಗೆ ದಾರಿ ಕಡಿದು
ಗಾಡಿಯನ್ನು ಹಿತ್ತಿಲಿಗೆ ಹೂಡಿದ ಹಾಗೆ.

"ಡ್ವೇನ್," ಅಂದಳು ಲೊರೆಟ್ಟಾ.
ಹೆಸರು ಹೇಳಿದ್ದಲ್ಲ, ಕಾರಣ ಹೇಳಿದ್ದು.
ಫಾರ್ಗೋದಲ್ಲಿದ್ದಾನೆ ಈಗ, ಬೇರೆ ಅಡುಗೆಮನೆಯಲ್ಲಿ.
ಫೋನನ್ನು ಸ್ಪೀಕರಿಗೆ ಹಾಕಿ ಕೇಳಿಯೇ ಬಿಟ್ಟಳು.
ಆ ಕಡೆ ಟಿವಿಯಲ್ಲಿ ಏನೋ ಪಂದ್ಯ,
ಪಂದ್ಯದ ಗಲಾಟೆ ಮೆಲ್ಲಗೆ ಇಳಿದು, ಆಮೇಲೆ
"ಸದ್ದು ಬರುತ್ತಿತ್ತಲ್ಲ?" ಎಂದ.

ನಾಲ್ಕು ಸ್ಕ್ರೂ. ಒಂದು ಹೊರಳು. ಮತ್ತೆ ನಾಲ್ಕು.
ಹಾಳೆ ಈ ಸಲ ನಾನು ಕೈಬಿಡುವ ಮೊದಲೇ
ಪಟ್ಟನೆ ಹಾರಿ ಜಾಲರಿಗೆ ಕಚ್ಚಿಕೊಂಡಿತು.
ಲೊರೆಟ್ಟಾ ಕಿತ್ತಳು, ಬಿಟ್ಟಳು. ಮತ್ತೆ ಕಿತ್ತಳು, ಬಿಟ್ಟಳು.
ನಾನು ಬಿಲ್ಲು ಬರೆದು ಮುಗಿಸುವವರೆಗೂ ಅದೇ.

ಉಳಿದ ಮೀನು ಹುರಿದು ಪೇಪರಿನಲ್ಲಿ ಸುತ್ತಿಕೊಟ್ಟಳು.
ವ್ಯಾನಿನ ಹತ್ತಿರ ಬಂದರೆ, ನೀಲಿ ಗೋಡೆಯ ಕೆಳಗೆ
ಎರಡು ಗಲ್ ಹಕ್ಕಿ ಕತ್ತೆತ್ತಿ,
ಟಪಟಪ ಬಡಿಯುವ ಆ ತಗಡಿನ ರೆಪ್ಪೆಯನ್ನೇ
ನೋಡುತ್ತ ನಿಂತಿದ್ದವು.